ಕೋಲಾರದ ಕೆರೆ ತುಂಬಿದೆ, ಹಕ್ಕಿಗೆ ಕಾಲೂರಲು ಜಾಗ ಎಲ್ಲಿ?

ಹತ್ತು ವರ್ಷದ ಹಿಂದೆ ಕೋಲಾರದ ಕೆರೆ ಅಂದರೆ ಜಾಲಿ ಪೊದೆ, ಬಿರುಕು ಬಿಟ್ಟ ನೆಲ, ಅದರ ಮೇಲೆ ಕ್ರಿಕೆಟ್ ಆಡುವ ಹುಡುಗರು. ಏರಿ ಇರುತ್ತಿತ್ತು, ತೂಬು ಇರುತ್ತಿತ್ತು, ನೀರು ಮಾತ್ರ ಇರುತ್ತಿರಲಿಲ್ಲ. ಪಕ್ಕದ ತೋಟದಲ್ಲಿ ಸಾವಿರದೈನೂರು ಅಡಿ ಕೊರೆಸಿದರೂ ಬೋರ್‌ವೆಲ್‌ನಿಂದ ದೂಳೇ ಏಳುತ್ತಿತ್ತು. ಈಗ ಲಕ್ಷ್ಮೀಸಾಗರ, ನರಸಾಪುರ, ಎಸ್. ಅಗ್ರಹಾರದ ಕಡೆ ಹೋಗಿ ನೋಡಿ. ಬೇಸಿಗೆಯಲ್ಲೂ ಕೆರೆಯಲ್ಲಿ ನೀರಿರುತ್ತದೆ. ನೀರಿನ ಮೇಲೆ ಹೆಜ್ಜಾರ್ಲೆಗಳು (ಪೆಲಿಕನ್) ತೇಲುತ್ತಿರುತ್ತವೆ. ಅದನ್ನು ಫೋನಿನಲ್ಲಿ ಹಿಡಿದು 'ನಮ್ಮ ಕೆರೆಗೆ ಜೀವ ಬಂತು' ಅಂತ ಜನ ಸ್ಟೇಟಸ್ ಹಾಕುತ್ತಾರೆ. ಖುಷಿ ಪಡಬೇಕಾದ ವಿಷಯವೇ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಕೆರೆ ತುಂಬಿಸುವುದು ಒಂದು ಕೆಲಸ, ಕೆರೆಗೆ ಜೀವ ತರುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಮಾಡಿ ಎರಡನೆಯದೂ ಆಗಿಹೋಯಿತು ಅಂದುಕೊಂಡಿದ್ದೇವೆ. ಎಷ್ಟು ಕೆರೆ ತುಂಬಿತು, ಎಷ್ಟು ನೀರು ಬಂತು, ಬೋರ್‌ವೆಲ್ ಎಷ್ಟು ಅಡಿಗೆ ಸಿಕ್ಕಿತು ಅಂತ ಎಲ್ಲರೂ ಲೆಕ್ಕ ಇಡುತ್ತಾರೆ. ಕೆರೆಯ ಅಂಚು ಏನಾಯಿತು ಅಂತ ಯಾರೂ ಕೇಳುವುದಿಲ್ಲ. ನೀರು ಮುಗಿದು ನೆಲ ಶುರುವಾಗುವ ಆ ಜಾಗ, ಪಾದ ಮುಳುಗುವಷ್ಟು ನೀರು, ಕೆಸರು, ಜೊಂಡು, ಒದ್ದೆ ಹುಲ್ಲು, ನೀರುಹಕ್ಕಿಗಳಲ್ಲಿ ಎಷ್ಟೋ ಜಾತಿಗಳ ಹೊಟ್ಟೆ ತುಂಬುವುದು ಅಲ್ಲೇ. ಆ ಅಂಚೇ ನಮ್ಮ ಕೈ ತಪ್ಪಿ ಹೋಗುತ್ತಿದೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಿಸಿದ ಕೊಳಚೆ ನೀರನ್ನು ಪೈಪಿನಲ್ಲಿ ತಂದು ಕೋಲಾರದ ಕೆರೆಗಳಿಗೆ, ಚಿಂತಾಮಣಿ ಕಡೆಯ ಕೆಲವು ಕೆರೆಗಳಿಗೆ ಬಿಡುವುದು ಕೆ.ಸಿ. ವ್ಯಾಲಿ ಯೋಜನೆ. ಗುರಿ ದಿನಕ್ಕೆ 44 ಕೋಟಿ ಲೀಟರ್. ಮೊದಲ ಹಂತದ ಪಟ್ಟಿಯಲ್ಲಿ 126 ಕೆರೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು, ಮುಂದಿನ ತಿಂಗಳೇ ಅಲ್ಲಿ ನೊರೆ ಕಾಣಿಸಿತು. ಪ್ರಕರಣ ಹೈಕೋರ್ಟ್‌ಗೆ ಹೋಯಿತು, ತಡೆ ಬಂತು, ತಡೆ ತೆರವಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಡೆ ಕೊಟ್ಟಿತು, ಆಮೇಲೆ ಅದೂ ತೆರವಾಗಿ ನೀರು ಹರಿಯುತ್ತಾ ಬಂದಿದೆ. ಹೆಬ್ಬಾಳ-ನಾಗವಾರ ಕಣಿವೆಯ ನೀರನ್ನು ಚಿಕ್ಕಬಳ್ಳಾಪುರದ ಕಡೆ ತರುವ ಎಚ್.ಎನ್. ವ್ಯಾಲಿ ಇದರ ಜೋಡಿ ಯೋಜನೆ. ದಿನಕ್ಕೆ 21 ಕೋಟಿ ಲೀಟರ್, 65 ಕೆರೆ. ಚಿಕ್ಕಬಳ್ಳಾಪುರದ ಕಂದವಾರ ಕೆರೆ ತುಂಬಿದ್ದು ಈ ನೀರಿನಿಂದಲೇ. ಎರಡು ಕಡೆಯೂ ನೀರಿಗೆ ಆಗಿರುವುದು ಎರಡನೇ ಹಂತದ ಸಂಸ್ಕರಣೆ. ಅದರಲ್ಲಿ ಉಳಿಯುವ ಸಾರಜನಕ, ರಂಜಕವನ್ನೂ ತೆಗೆಯುವ ಮೂರನೇ ಹಂತವೂ ಆಗಲಿ ಅನ್ನುವುದು ಹೋರಾಟಗಾರರ ಹಳೆಯ ಬೇಡಿಕೆ, ನ್ಯಾಯವಾದ ಬೇಡಿಕೆ ಕೂಡ.

ಇನ್ನೊಂದು ವಿಷಯ ಇಲ್ಲಿ ಮುಖ್ಯ. ಈ ನೀರನ್ನು ತೂಬು ಎತ್ತಿ ಗದ್ದೆಗೆ ಬಿಡುವಂತಿಲ್ಲ, ಮೋಟರ್ ಇಟ್ಟು ಎತ್ತುವಂತೆಯೂ ಇಲ್ಲ. ಯೋಜನೆ ಇರುವುದು ಅಂತರ್ಜಲಕ್ಕಾಗಿ ಮಾತ್ರ. ಒಂದು ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನ ಕೆರೆಗೆ. ಕೊಳಚೆಯಿಂದ ಬಂದ ನೀರು ನೇರವಾಗಿ ತರಕಾರಿಗೆ ಹೋಗಬಾರದು ಅನ್ನುವುದು ಸರಿಯಾದ ಎಚ್ಚರಿಕೆಯೇ. ಆದರೆ ಹಕ್ಕಿಯ ಕಡೆಯಿಂದ ನೋಡಿದರೆ ಇದರಿಂದ ಕೆರೆಯ ಸ್ವಭಾವವೇ ಬದಲಾಗಿದೆ.

ಮಳೆ ನಂಬಿದ ಕೆರೆ ಹೇಗಿತ್ತು ಅಂತ ಹಿರಿಯರನ್ನು ಕೇಳಿ. ನಮ್ಮ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ದೀಪಾವಳಿ ಹೊತ್ತಿಗೆ ಕೆರೆ ತುಂಬುತ್ತಿತ್ತು, ಒಳ್ಳೆಯ ವರ್ಷವಾದರೆ ಕೋಡಿ ಬೀಳುತ್ತಿತ್ತು, ಗಂಗಮ್ಮನಿಗೆ ಪೂಜೆ ಆಗುತ್ತಿತ್ತು. ಆಮೇಲೆ ಊರಿಗೆ ನೀರು ಹಂಚುವ ನೀರಗಂಟಿ ಲೆಕ್ಕ ಹಾಕಿ ತೂಬು ಎತ್ತುತ್ತಿದ್ದ. ಅಚ್ಚುಕಟ್ಟಿನ ಭತ್ತಕ್ಕೆ ನೀರು ಹೋದಂತೆಲ್ಲ ಕೆರೆ ದಿನದಿನಕ್ಕೆ ಒಂದಿಷ್ಟು ಹಿಂದೆ ಸರಿಯುತ್ತಿತ್ತು. ಸರಿದ ಕಡೆ ಒದ್ದೆ ಮಣ್ಣು, ಅದರ ತುಂಬ ಹುಳ, ಬಸವನಹುಳು, ಸಣ್ಣ ಮೀನು. ಇನ್ನೂ ಸರಿದ ಕಡೆ ಎಳೆ ಹುಲ್ಲು, ಅಲ್ಲಿ ದನ ಮೇಯುತ್ತಿದ್ದವು. ಮಾರ್ಚ್, ಏಪ್ರಿಲ್‌ನಲ್ಲಿ ಕೆರೆಯಂಗಳದ ಗೋಡು ಮಣ್ಣನ್ನು ಗಾಡಿಗೆ ತುಂಬಿಕೊಂಡು ಹೊಲಕ್ಕೆ ಹೊಡೆಯುತ್ತಿದ್ದರು. ಚಳಿಗಾಲದ ವಲಸೆ ಹಕ್ಕಿಗಳು ಬರುವ ಹೊತ್ತಿಗೆ ಕೆರೆ ತುಂಬಿರುತ್ತಿತ್ತು, ಅವು ಇರುವಷ್ಟು ದಿನವೂ ಹೊಸ ಹೊಸ ಕೆಸರು ಬಿಚ್ಚಿಕೊಳ್ಳುತ್ತಲೇ ಇರುತ್ತಿತ್ತು. ಹಕ್ಕಿಗೋಸ್ಕರ ಅಂತ ಯಾರೂ ಮಾಡಿದ್ದಲ್ಲ, ಭತ್ತಕ್ಕೋಸ್ಕರ ಮಾಡಿದ ಕೆಲಸದಿಂದ ಹಕ್ಕಿಗೂ ಊಟ ಸಿಗುತ್ತಿತ್ತು.

ಈಗಿನ ಕೆರೆಗೆ ನೀರು ಪೈಪಿನಿಂದ ಬರುತ್ತದೆ. ಜನವರಿಯಲ್ಲೂ ಬರುತ್ತದೆ, ಮೇ ತಿಂಗಳಲ್ಲೂ ಬರುತ್ತದೆ. ತೂಬು ಮುಚ್ಚಿದೆ. ಹಾಗಾಗಿ ನೀರಿನ ಮಟ್ಟ ಸುಮಾರಾಗಿ ಒಂದೇ ಕಡೆ ನಿಂತಿರುತ್ತದೆ, ಇಲ್ಲವೇ ಪಂಪ್ ನಿಂತಾಗ ಇಳಿದು ಪಂಪ್ ಶುರುವಾದಾಗ ಧಿಡೀರ್ ಅಂತ ಏರುತ್ತದೆ. ಇದರಿಂದ ಕೆಲವು ಹಕ್ಕಿಗಳಿಗೆ ಲಾಭ, ಕೆಲವಕ್ಕೆ ನಷ್ಟ. ಲಾಭ ಆಗಿರುವುದು ಆಳದ ನೀರಿನವಕ್ಕೆ: ಹೆಜ್ಜಾರ್ಲೆ, ನೀರುಕಾಗೆ, ನಾಮದ ಕೋಳಿ, ಗುಳುಮುಳುಕ. ಜೊಂಡು ಬೆಳೆದ ಕಡೆ ನೇರಳೆ ಜಂಬುಕೋಳಿಯೂ ಹೆಚ್ಚುತ್ತದೆ. ಇವೆಲ್ಲ ಕಣ್ಣಿಗೆ ಬೇಗ ಬೀಳುವ ಹಕ್ಕಿಗಳು. ದೊಡ್ಡ ಮೈ, ದೊಡ್ಡ ಗುಂಪು. ಅದಕ್ಕೇ 'ಹಕ್ಕಿ ಜಾಸ್ತಿ ಆಗಿದೆ' ಅನ್ನುವ ಮಾತು ಸುಳ್ಳಲ್ಲ. ಆದರೆ ಮೆಟ್ಟುಗಾಲು ಹಕ್ಕಿ, ಗೊರವಗಳು, ಟಿಟ್ಟಿಭ, ಕೆಂಬರಲು, ಬಣ್ಣದ ಕೊಕ್ಕರೆ, ಇವು ಈಜಿ ಮೀನು ಹಿಡಿಯುವವಲ್ಲ. ನಿಂತು ತಿನ್ನುವವು. ನಿಲ್ಲಲು ನೆಲ ಸಿಗಬೇಕು.

ಬಣ್ಣದ ಕೊಕ್ಕರೆ ಮೀನು ಹಿಡಿಯುವುದನ್ನು ಒಮ್ಮೆ ಹತ್ತಿರದಿಂದ ನೋಡಿದರೆ ಇದು ತಟ್ಟನೆ ಅರ್ಥವಾಗುತ್ತದೆ. ಅದು ಕಣ್ಣಿಟ್ಟು ಹುಡುಕುವುದಿಲ್ಲ. ಉದ್ದನೆಯ ಹಳದಿ ಕೊಕ್ಕನ್ನು ಅರ್ಧ ತೆರೆದು ನೀರಿನಲ್ಲಿ ಮುಳುಗಿಸುತ್ತದೆ, ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸುತ್ತಾ ನಿಧಾನಕ್ಕೆ ಹೆಜ್ಜೆ ಹಾಕುತ್ತದೆ. ಕಾಲಿನಿಂದ ಕೆಸರು ಕಲಕುತ್ತದೆ, ಬೆದರಿದ ಮೀನು ಎದ್ದು ಓಡಿ ಕೊಕ್ಕಿಗೆ ತಗುಲಿದ ಕೂಡಲೇ ಪಟ್ಟನೆ ಬಾಯಿ ಮುಚ್ಚುತ್ತದೆ. ನೀರು ಕಲಕಿ ಕೆಂಪಾಗಿದ್ದರೂ ಅದಕ್ಕೆ ತೊಂದರೆ ಇಲ್ಲ. ಆದರೆ ನೀರು ಅದರ ಮೊಣಕಾಲು ದಾಟಿ ಹೊಟ್ಟೆಗೆ ಬಂದರೆ ಈ ಬೇಟೆ ನಡೆಯುವುದೇ ಇಲ್ಲ. ಕೆರೆ ಇಳಿದು ಮೀನೆಲ್ಲ ಸಣ್ಣ ಗುಂಡಿಗಳಿಗೆ ಬಂದು ಸೇರುವ ಕಾಲವೇ ಅದಕ್ಕೆ ಸುಗ್ಗಿ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಈ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ, ಊರಿನವರು ಅವನ್ನು ಮನೆಮಕ್ಕಳ ಹಾಗೆ ಕಾಯುತ್ತಾರೆ. ಮರ ಊರಿನಲ್ಲಿದೆ ಸರಿ, ಆದರೆ ಮರಿಗಳಿಗೆ ಮೀನು ಬರಬೇಕಾಗಿರುವುದು ಸುತ್ತಲಿನ ಕೆರೆಗಳಿಂದ. ಗೂಡಿನ ಮರವನ್ನಷ್ಟೇ ಕಾಪಾಡಿದರೆ ಅರ್ಧ ಕೆಲಸ ಆದಂತೆ.

ಟಿಟ್ಟಿಭದ ಕಥೆ ಇನ್ನೂ ಕಷ್ಟದ್ದು. ಅದು ಗೂಡು ಅಂತ ಕಟ್ಟುವುದೇ ಇಲ್ಲ. ನೀರು ಸರಿದು ಒಣಗಿದ ಅಂಗಳದಲ್ಲಿ ನಾಲ್ಕು ಕಲ್ಲು ಸರಿಸಿ, ಬರೀ ನೆಲದ ಮೇಲೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಚುಕ್ಕೆ. ಚೂಪು ತುದಿಗಳೆಲ್ಲ ಒಳಮುಖ ಮಾಡಿ ಜೋಡಿಸಿರುತ್ತದೆ. ಎರಡು ಮಾರು ದೂರದಲ್ಲಿ ನಿಂತರೂ ಕಲ್ಲು ಯಾವುದು ಮೊಟ್ಟೆ ಯಾವುದು ಗೊತ್ತಾಗುವುದಿಲ್ಲ. ಮಳೆಗಾಲಕ್ಕೆ ಮುಂಚೆ ನೀರು ಏರುವುದಿಲ್ಲ ಅನ್ನುವ ನಂಬಿಕೆಯ ಮೇಲೆ ನಡೆದು ಬಂದ ಬಾಳು ಅದರದ್ದು. ಏಪ್ರಿಲ್‌ನಲ್ಲಿ ಮೇಲಿನ ಕೆರೆಯಿಂದ ನೀರು ಬಿಟ್ಟು ರಾತ್ರೋರಾತ್ರಿ ಒಂದಡಿ ಏರಿದರೆ ಮೊಟ್ಟೆಗಳು ಅಲ್ಲೇ ಮುಳುಗುತ್ತವೆ. ಹಕ್ಕಿ ಎರಡು ದಿನ ಅದೇ ಜಾಗದ ಸುತ್ತ ಕೂಗುತ್ತಾ ಹಾರಾಡುತ್ತದೆ, ಅಷ್ಟೇ. ಪಂಪ್ ಮನೆಯಲ್ಲಿ ಕೂತವರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ, ಅವರನ್ನು ದೂರಿ ಪ್ರಯೋಜನವಿಲ್ಲ. ನೀರು ಬಿಡುವ ವೇಳಾಪಟ್ಟಿ ಮಾಡುವಾಗ ಇದನ್ನು ಯಾರೂ ಅವರಿಗೆ ಹೇಳಿಲ್ಲ.

ನೀರಿನ ಮಟ್ಟ ಒಂದು ಕಡೆಯಾದರೆ ಹೂಳೆತ್ತುವ ರೀತಿ ಇನ್ನೊಂದು ಕಡೆ. ಹಳೆಯ ಕೆರೆಯ ಆಕಾರ ನೋಡಿ: ಏರಿಯ ಹತ್ತಿರ ಆಳ, ಅಲ್ಲಿಂದ ಹಿಂದಕ್ಕೆ ಹೋದಂತೆ ಇಳಿಜಾರಾಗಿ ತೆಳುವಾಗುತ್ತಾ ಹೋಗುತ್ತದೆ. ಈಗ ಜೆಸಿಬಿ, ಹಿಟಾಚಿ ಬಂದು ಎಲ್ಲಿ ಮಣ್ಣು ಚೆನ್ನಾಗಿದೆಯೋ ಅಲ್ಲಿ ಅಗೆಯುತ್ತವೆ. ಇಟ್ಟಿಗೆ ಗೂಡಿಗೆ ಬೇಕಾದ ಮಣ್ಣು, ಲೇಔಟಿಗೆ ತುಂಬಲು ಬೇಕಾದ ಮಣ್ಣು. ಅಗೆದ ಜಾಗ ಗೋಡೆ ಕಡಿದಂತೆ ನೆಟ್ಟಗೆ ಹತ್ತು ಹದಿನೈದು ಅಡಿ ಇಳಿದಿರುತ್ತದೆ. ನೀರು ತುಂಬಿದ ಮೇಲೆ ಮೇಲಿನಿಂದ ನೋಡಿದರೆ ಎಲ್ಲಿ ಗುಂಡಿ ಇದೆ ಅಂತ ಕಾಣುವುದಿಲ್ಲ. ಈಜಲು ಇಳಿದ ಮಕ್ಕಳು, ನೀರಿಗೆ ಹೋದ ದನಗಳು ಇಂಥ ಗುಂಡಿಗಳಲ್ಲೇ ಸಾಯುತ್ತಿರುವುದು. ಹಕ್ಕಿಗೂ ಅಲ್ಲಿ ಕಾಲೂರಲು ಜಾಗವಿಲ್ಲ. ಇಳಿಜಾರು ಉಳಿಸಿ ಹೂಳೆತ್ತಿ ಅನ್ನುವುದು ಹಕ್ಕಿ ಪ್ರೇಮಿಗಳ ಬೇಡಿಕೆ ಮಾತ್ರ ಅಲ್ಲ, ಮಕ್ಕಳಿರುವ ಪ್ರತಿ ಮನೆಯವರೂ ಕೇಳಬೇಕಾದ್ದು ಅದು.

ಕೆರೆ ಮಾಡಲು ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಅಮೃತ ಸರೋವರ ಯೋಜನೆಯಲ್ಲೂ ಲೆಕ್ಕಕ್ಕೆ ಬಂದದ್ದು ನೀರಿನ ಪ್ರಮಾಣವೇ. ಕನಿಷ್ಠ ಒಂದು ಎಕರೆ, ಸುಮಾರು ಹತ್ತು ಸಾವಿರ ಘನ ಮೀಟರ್ ನೀರು ಹಿಡಿಯಬೇಕು. ಕೆರೆ ಇಷ್ಟು ನೀರು ಹಿಡಿಯಬೇಕು ಅಂತ ಬರೆದಾಗ ಇಷ್ಟು ತೆಳು ನೀರೂ ಬೇಕು ಅಂತ ಬರೆಯಬಹುದಿತ್ತು. ಊರೊಳಗಿನ ಕೆರೆಗಳಲ್ಲಂತೂ ದಂಡೆಗೆ ಕಲ್ಲು ಕಟ್ಟಿ, ವಾಕಿಂಗ್ ಟ್ರ್ಯಾಕ್ ಹಾಕಿ, ರಾತ್ರಿಯೆಲ್ಲ ಲೈಟ್ ಉರಿಸಿದ ಮೇಲೆ ಉಳಿಯುವುದು ಒಂದು ತೊಟ್ಟಿ.

ಇನ್ನು ನೀರಿನ ಗುಣ. ಎರಡನೇ ಹಂತದ ಸಂಸ್ಕರಣೆಯಲ್ಲಿ ಕೊಳೆಯುವ ವಸ್ತು ಬಹುಪಾಲು ಹೋಗುತ್ತದೆ, ಆದರೆ ಸಾರಜನಕ ಮತ್ತು ರಂಜಕ ಪೂರ್ತಿ ಹೋಗುವುದಿಲ್ಲ. ಹೊಲಕ್ಕೆ ಹಾಕುವ ಗೊಬ್ಬರದಲ್ಲಿ ಇರುವುದೂ ಅವೇ. ದಿನಾ ಗೊಬ್ಬರ ಕಲಸಿದ ನೀರು ಬಂದು ನಿಂತರೆ ಏನಾಗುತ್ತದೆ? ಪಾಚಿ ಬೆಳೆಯುತ್ತದೆ, ವಾಟರ್ ಹಯಸಿಂತ್ ಹಬ್ಬುತ್ತದೆ. ನೇರಳೆ ಹೂವಿನ ಆ ಜಲಕಳೆ ದಕ್ಷಿಣ ಅಮೆರಿಕದ್ದು, ಅನುಕೂಲ ಸಿಕ್ಕರೆ ಎರಡು ವಾರದಲ್ಲಿ ದುಪ್ಪಟ್ಟಾಗುತ್ತದೆ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಪಾಚಿ ನೀರಿನ ಆಮ್ಲಜನಕ ಹೀರುತ್ತದೆ. ಮೋಡ ಕವಿದ ಎರಡು ಮೂರು ದಿನ ಆದ ಮೇಲೆ ಬೆಳಗಿನ ಜಾವ ಮೀನು ಬಾಯಿ ಬಿಡುತ್ತಾ ಮೇಲೆ ಬರುವುದು, ಹೊತ್ತು ಹುಟ್ಟುವಷ್ಟರಲ್ಲಿ ದಡದ ತುಂಬ ಬೆಳ್ಳಗೆ ತೇಲುವುದು ಇದಕ್ಕೇ. ಜನ 'ಯಾರೋ ವಿಷ ಹಾಕಿದ್ದಾರೆ' ಅಂತ ಪೊಲೀಸ್ ಸ್ಟೇಷನ್‌ಗೆ ಹೋಗುತ್ತಾರೆ. ಎಷ್ಟೋ ಸಲ ವಿಷ ಹಾಕಿದವರು ಯಾರೂ ಇರುವುದಿಲ್ಲ, ಉಸಿರು ಕಟ್ಟಿ ಸತ್ತಿರುತ್ತವೆ.

ಜಲಕಳೆ ತೆಗೆಯುವ ವಿಧಾನವನ್ನೂ ಹೇಳಲೇಬೇಕು. ಲಕ್ಷಗಟ್ಟಲೆ ಖರ್ಚು ಮಾಡಿ ಕಳೆ ಎಳೆದು ಏರಿಯ ಬದಿಯಲ್ಲೇ ರಾಶಿ ಹಾಕಿ ಹೋಗುತ್ತಾರೆ. ಅದು ಅಲ್ಲೇ ಕೊಳೆತು, ಮೊದಲ ಮಳೆಗೆ ಅದರ ಸಾರವೆಲ್ಲ ವಾಪಸ್ ಕೆರೆಗೇ ಇಳಿಯುತ್ತದೆ. ತೆಗೆದ ಕಳೆ ಟ್ರ್ಯಾಕ್ಟರ್ ಹತ್ತಿ ಕೆರೆ ದಾಟಿ ಹೋಗಲೇಬೇಕು, ತಿಪ್ಪೆ ಗೊಬ್ಬರ ಆಗಬೇಕು. ಟೆಂಡರ್‌ನಲ್ಲಿ ಈ ಒಂದು ಸಾಲು ಇದ್ದರೆ ಎಷ್ಟೋ ಹಣ ಉಳಿಯುತ್ತದೆ.

ಮೀನಿನ ಗುತ್ತಿಗೆ ಇದಕ್ಕೆಲ್ಲ ಅಂಟಿಕೊಂಡಿರುವ ವಿಷಯ. ನೀರು ಬಂದ ಕೆರೆಗೆ ಬೆಲೆ ಬಂದಿದೆ. ಕಾಟ್ಲಾ, ರೋಹು, ಮೃಗಾಲ್ ಮರಿ ಬಿಡುತ್ತಾರೆ, ಅದು ಸರಿ, ಹಳ್ಳಿಯ ಎಷ್ಟೋ ಕುಟುಂಬಗಳಿಗೆ ಅದೇ ಜೀವನ. ಆದರೆ ಗುತ್ತಿಗೆದಾರ ಕೆರೆಯನ್ನು ಮೀನಿನ ತೊಟ್ಟಿ ಅಂತ ನೋಡಿದ ದಿನದಿಂದ ಹೆಜ್ಜಾರ್ಲೆ ಅವನ ಕಣ್ಣಿಗೆ ಕಳ್ಳನಾಗುತ್ತದೆ. ಪಟಾಕಿ ಹೊಡೆಯುವುದು, ನೈಲಾನ್ ದಾರ ಕಟ್ಟುವುದು ಶುರುವಾಗುತ್ತದೆ, ಬಿಟ್ಟುಹೋದ ಬಲೆಗೆ ನೀರುಕಾಗೆ, ಗುಳುಮುಳುಕ ಸಿಕ್ಕಿ ಸಾಯುತ್ತವೆ. ಅದಕ್ಕಿಂತ ಕೆಟ್ಟದ್ದು ಆಫ್ರಿಕನ್ ಕ್ಯಾಟ್‌ಫಿಷ್. ಕೇಂದ್ರ ಸರ್ಕಾರ 2000ನೇ ಇಸವಿಯಲ್ಲೇ ಇದರ ಸಾಕಣೆ ನಿಷೇಧಿಸಿದ್ದರೂ ಕದ್ದುಮುಚ್ಚಿ ಸಾಕುತ್ತಾರೆ. ಕೊಳಕು ನೀರಿನಲ್ಲಿ, ಆಮ್ಲಜನಕ ಇಲ್ಲದ ನೀರಿನಲ್ಲಿ ಬೇರೆ ಮೀನು ಸತ್ತರೂ ಇದು ಬದುಕುತ್ತದೆ, ಕಪ್ಪೆ, ನಾಟಿ ಮೀನಿನ ಮರಿ ಏನನ್ನೂ ಬಿಡುವುದಿಲ್ಲ. ಕೋಡಿಯಿಂದ ಕೋಡಿಗೆ ಜೋಡಣೆಯಾದ ಕೆರೆಗಳಲ್ಲಿ ಒಂದು ಕಡೆ ಸೇರಿಕೊಂಡರೆ ಮುಂದಿನ ಮಳೆಗೆ ಕೆಳಗಿನ ಕೆರೆಗೂ ಹೋಗುತ್ತದೆ, ಅಲ್ವಾ? 2017ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಮರದಿಂದ ಬಿದ್ದು ಸತ್ತಾಗ ಪರೀಕ್ಷೆಯಲ್ಲಿ ಸಿಕ್ಕಿದ್ದು ದುಂಡುಹುಳು, ತಿಂದ ಮೀನಿನಿಂದ ಹೊಟ್ಟೆ ಸೇರಿದ್ದು. ಹೆಜ್ಜಾರ್ಲೆ ಬಂದಿದೆ ಅಂತ ಕೆರೆ ಆರೋಗ್ಯವಾಗಿದೆ ಅಂತ ತಿಳಿಯಬಾರದು ಅನ್ನುವುದಕ್ಕೆ ಇದನ್ನು ಹೇಳಿದೆ. ಹೆಜ್ಜಾರ್ಲೆಗೆ ಮೀನು ಕಂಡರೆ ಸಾಕು, ನೀರಿನ ಪರೀಕ್ಷೆ ಮಾಡಿ ಇಳಿಯುವುದಿಲ್ಲ.

ಕಾನೂನು ಇಲ್ವಾ ಅಂತ ಕೇಳುತ್ತೀರಿ. ಇದೆ, ಆದರೆ ಕೇಂದ್ರದ ಜೌಗು ನಿಯಮ ನಮ್ಮ ಕೆರೆಗಳಿಗೆ ಅನ್ವಯಿಸುವುದಿಲ್ಲ. ಜೌಗು ಪ್ರದೇಶಗಳ ಸಂರಕ್ಷಣೆಗೆ 2010ರಲ್ಲಿ ಮಾಡಿದ ನಿಯಮಗಳನ್ನು ಬದಲಿಸಿ 2017ರಲ್ಲಿ ಹೊಸ ನಿಯಮ ತಂದರು. ಅದರ ವ್ಯಾಖ್ಯೆಯಲ್ಲೇ ಕುಡಿಯುವ ನೀರಿಗಾಗಿ, ನೀರಾವರಿಗಾಗಿ ಮನುಷ್ಯರು ಕಟ್ಟಿದ ಕೆರೆಗಳನ್ನು ಹೊರಗೆ ಇಟ್ಟಿದ್ದಾರೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನಲ್ಲಿ ಪ್ರಕೃತಿ ತಾನಾಗಿ ಮಾಡಿದ ದೊಡ್ಡ ಸರೋವರ ಎಲ್ಲಿದೆ? ಎಲ್ಲವೂ ಏರಿ ಹಾಕಿ ಕಟ್ಟಿದ ಕೆರೆಗಳೇ, ಗಂಗರ ಕಾಲದ್ದು, ಚೋಳರ ಕಾಲದ್ದು, ಪಾಳೇಗಾರರ ಕಾಲದ್ದು. ಎರಡೂಕಾಲು ಹೆಕ್ಟೇರಿಗಿಂತ ದೊಡ್ಡದಾದ 2,01,503 ಜೌಗು ಪ್ರದೇಶಗಳನ್ನು ಕಾಪಾಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಅದೇ 2017ರಲ್ಲಿ. ಒಂದು ಕಡೆ ಕೋರ್ಟು ಬಾಗಿಲು ತೆರೆಯಿತು, ಇನ್ನೊಂದು ಕಡೆ ನಿಯಮ ಬಾಗಿಲು ಮುಚ್ಚಿತು. ರಾಜ್ಯದಲ್ಲಿ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ 2014ರ ಕಾಯ್ದೆ ಇದೆ. ಕೆರೆಯ ಸುತ್ತ 30 ಮೀಟರ್ ಬಿಡಬೇಕು ಅಂತಿದ್ದದ್ದನ್ನು ಕೆರೆಯ ವಿಸ್ತೀರ್ಣ ನೋಡಿ ಕಡಿಮೆ ಮಾಡುವ ತಿದ್ದುಪಡಿ ಮಸೂದೆ 2025ರಲ್ಲಿ ವಿಧಾನಮಂಡಲದ ಮುಂದೆ ಬಂತು. ಸಣ್ಣ ಕೆರೆಗಳಿಗೆ ಬರೀ 3 ಮೀಟರ್. ಒಂದು ಎತ್ತಿನ ಗಾಡಿ ತಿರುಗಿಸಲೂ ಸಾಲದು.

ಕಟ್ಟಿದ ಕೆರೆಗೆ ಯೋಗ್ಯತೆ ಇಲ್ಲ ಅನ್ನುವ ಮಾತನ್ನು ನಮ್ಮ ರಾಜ್ಯವೇ ಸುಳ್ಳು ಮಾಡಿದೆ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಜೊತೆಗೆ ಅಘನಾಶಿನಿ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದವು. ಅದಕ್ಕೂ ಮುಂಚೆ 2022ರಲ್ಲಿ ರಂಗನತಿಟ್ಟು ಸೇರಿತ್ತು. ಮಾಗಡಿ ಮತ್ತು ಅಂಕಸಮುದ್ರ ಎರಡೂ ನೀರಾವರಿಗೆಂದು ಕಟ್ಟಿದ ಕೆರೆಗಳು. ಮಾಗಡಿಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಅಂಕಸಮುದ್ರದಲ್ಲಿ ಕೆರೆಯೊಳಗೇ ಉಳಿಸಿಕೊಂಡ ಕರಿಜಾಲಿ ಮರಗಳ ಮೇಲೆ ಸಾವಿರಾರು ಗೂಡು. ನಮ್ಮ ಕಡೆ ಹೂಳೆತ್ತುವಾಗ ಮೊದಲು ಕಡಿಯುವುದೇ ಆ ಜಾಲಿ ಮರವನ್ನು. ಬಳ್ಳಾರಿ ಜಾಲಿ ಕಿತ್ತುಹಾಕಲಿ, ಅದು ಹೊರಗಿನಿಂದ ಬಂದ ಮುಳ್ಳು. ಕರಿಜಾಲಿ ನಮ್ಮದೇ ಮರ, ವರ್ಷದಲ್ಲಿ ಕೆಲವು ತಿಂಗಳು ನೀರಿನಲ್ಲಿ ನಿಂತರೂ ಸಾಯುವುದಿಲ್ಲ.

ಆಂಧ್ರದ ಕೊಲ್ಲೇರು ಸರೋವರದ ಪಾಠವನ್ನೂ ಮರೆಯಬಾರದು. ಕೃಷ್ಣಾ, ಗೋದಾವರಿ ಮುಖಜಭೂಮಿಗಳ ನಡುವಿನ ಆ ಸಿಹಿನೀರಿನ ಸರೋವರ ದೇಶದ ದೊಡ್ಡ ಸರೋವರಗಳಲ್ಲಿ ಒಂದು. 1999ರಲ್ಲಿ ಅಭಯಾರಣ್ಯವಾಯಿತು, 308 ಚದರ ಕಿಲೋಮೀಟರ್. 2002ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಅಷ್ಟು ಹೊತ್ತಿಗೆ ಸರೋವರದ ತೆಳು ನೀರಿನ ಜಾಗವೆಲ್ಲ ಕಟ್ಟೆ ಹಾಕಿ ಮೀನಿನ ಹೊಂಡಗಳಾಗಿತ್ತು. 2006ರಲ್ಲಿ ಸರ್ಕಾರವೇ ಆ ಕಟ್ಟೆಗಳನ್ನು ಒಡೆಸಬೇಕಾಯಿತು. ಅಲ್ಲಿನ ಅಟಪಾಕದಲ್ಲಿ ಈಗ ಹೆಜ್ಜಾರ್ಲೆಗಳು ಗೂಡು ಕಟ್ಟುವುದು ಮನುಷ್ಯರು ನೆಟ್ಟ ಕಬ್ಬಿಣದ ಅಟ್ಟಗಳ ಮೇಲೂ. ಒಮ್ಮೆ ಕಳೆದ ಅಂಚನ್ನು ವಾಪಸ್ ತರಲು ಎಷ್ಟು ಕಷ್ಟ, ಎಷ್ಟು ಜನರ ಹೊಟ್ಟೆಪಾಡಿಗೆ ಪೆಟ್ಟು ಅನ್ನುವುದು ಕೊಲ್ಲೇರಿನವರಿಗೆ ಚೆನ್ನಾಗಿ ಗೊತ್ತು. ನಾವು ಇನ್ನೂ ಆ ಹಂತಕ್ಕೆ ಹೋಗಿಲ್ಲ.

ಇಲ್ಲಿ ರೈತರು ಒಂದು ಪ್ರಶ್ನೆ ಕೇಳುತ್ತಾರೆ, ಕೇಳಲೇಬೇಕು ಕೂಡ. 'ಇಪ್ಪತ್ತು ವರ್ಷ ನೀರಿಲ್ಲದೆ ಸತ್ತಿದ್ದೀವಿ, ಈಗ ನಿಮ್ಮ ಹಕ್ಕಿಗೋಸ್ಕರ ಕೆರೆ ಖಾಲಿ ಮಾಡಬೇಕಾ ಸ್ವಾಮಿ?' ಬೋರ್‌ವೆಲ್ ಸಾಲ ತೀರಿಸಲು ಹೊಲ ಮಾರಿದವರ ಬಾಯಲ್ಲಿ ಬರುವ ಈ ಮಾತಿಗೆ ಉತ್ತರ ಕೊಡದೆ ಹಕ್ಕಿಯ ಬಗ್ಗೆ ಮಾತಾಡುವ ಹಕ್ಕು ಯಾರಿಗೂ ಇಲ್ಲ. ನನ್ನ ಉತ್ತರ ಇದು. ಅಂತರ್ಜಲ ತುಂಬಿಸಲೆಂದು ಇರುವ ಕೆರೆಯನ್ನು ಆಗಾಗ ಒಣಗಲು ಬಿಡುವುದು ಅಂತರ್ಜಲಕ್ಕೇ ಒಳ್ಳೆಯದು. ಸದಾ ನೀರು ನಿಂತ ಕೆರೆಯ ತಳದಲ್ಲಿ ನುಣ್ಣನೆಯ ಹೂಳು, ಸತ್ತ ಪಾಚಿ ಸೇರಿ ಒಂದು ಪದರ ಕಟ್ಟಿಕೊಳ್ಳುತ್ತದೆ. ಆ ಪದರ ನೀರು ಇಂಗಲು ಬಿಡುವುದಿಲ್ಲ. ನೀರಿಂಗಿಸುವ ಹೊಂಡಗಳನ್ನು ನಡೆಸುವವರು ಎಲ್ಲ ಕಡೆ ಮಾಡುವುದು ಒಂದೇ ಕೆಲಸ: ಕೆಲವು ವಾರ ನೀರು ನಿಲ್ಲಿಸಿ ತಳ ಒಣಗಿಸುತ್ತಾರೆ, ಪದರ ಬಿಸಿಲಿಗೆ ಬಿರುಕು ಬಿಡುತ್ತದೆ, ಮತ್ತೆ ನೀರು ಬಿಟ್ಟಾಗ ಚೆನ್ನಾಗಿ ಇಂಗುತ್ತದೆ. ನಮ್ಮ ಹಿರಿಯರು ಬೇಸಿಗೆಯಲ್ಲಿ ಗೋಡು ಹೊಡೆಯುತ್ತಿದ್ದಾಗ ಆಗುತ್ತಿದ್ದದ್ದೂ ಇದೇ.

ಒಂದು ಕೆರೆ ಇಳಿಸಿದರೆ ಊರಿನ ನೀರು ಹೋಯಿತು ಅಂತಲೂ ಅಲ್ಲ. ಇವು ಒಂಟಿ ಕೆರೆಗಳಲ್ಲ, ಸರಪಳಿ. ಒಂದಕ್ಕೆ ನೀರು ನಿಲ್ಲಿಸಿದರೆ ಅದೇ ನೀರು ಮುಂದಿನ ಕೆರೆಗೆ ಹೋಗುತ್ತದೆ, ಅಲ್ಲಿ ಇಂಗುತ್ತದೆ. ಹತ್ತು ಕೆರೆಯ ಒಂದು ಸಾಲಿನಲ್ಲಿ ಈ ವರ್ಷ ಎರಡಕ್ಕೆ ಜನವರಿಯಿಂದ ಮೇವರೆಗೆ ಹೊಸ ನೀರು ಬೇಡ, ಮುಂದಿನ ವರ್ಷ ಬೇರೆ ಎರಡಕ್ಕೆ. ಇಷ್ಟು ಸರದಿ ಮಾಡಿದರೆ ಸಾಲಿನಲ್ಲಿ ಎಲ್ಲೋ ಒಂದು ಕಡೆ ಹಕ್ಕಿಗೆ ಕೆಸರು ಸಿಕ್ಕೇ ಸಿಗುತ್ತದೆ. ಇದಕ್ಕೆ ಹೊಸ ಪೈಪ್ ಬೇಡ, ಹೊಸ ಕಾಮಗಾರಿ ಬೇಡ. ವಾಲ್ವ್ ಯಾವಾಗ ತಿರುಗಿಸಬೇಕು ಅನ್ನುವ ಪಟ್ಟಿ ಸಾಕು. ಸಣ್ಣ ನೀರಾವರಿ ಇಲಾಖೆ, ಮೀನುಗಾರಿಕೆ ಇಲಾಖೆ, ಅರಣ್ಯ ಇಲಾಖೆ, ಪಂಚಾಯ್ತಿ ನಾಲ್ಕೂ ಕೂತು ಆ ಪಟ್ಟಿ ಮಾಡಬೇಕು. ಈಗ ನೀರು ಒಬ್ಬರದ್ದು, ಮೀನು ಇನ್ನೊಬ್ಬರದ್ದು, ಮರ ಮತ್ತೊಬ್ಬರದ್ದು, ಹಕ್ಕಿ ಯಾರದ್ದೂ ಅಲ್ಲ.

ನೀರು ಒಳಬರುವ ಕಡೆ ಎರಡು ಮೂರು ಎಕರೆ ಜೊಂಡು ಬೆಳೆಯಲು ಬಿಡುವುದು ಇನ್ನೊಂದು ಸುಲಭದ ಕೆಲಸ. ಮೂರನೇ ಹಂತದ ಸಂಸ್ಕರಣೆ ಬರುವವರೆಗೂ ಜೊಂಡು ಒಂದಿಷ್ಟು ಗೊಬ್ಬರದ ಸಾರ ಹೀರುತ್ತದೆ, ವರ್ಷಕ್ಕೊಮ್ಮೆ ಕೊಯ್ದು ಹೊರಗೆ ಸಾಗಿಸಬೇಕು ಅಷ್ಟೇ. ಜಂಬುಕೋಳಿಗೂ ಮನೆಯಾಗುತ್ತದೆ.

ಕಾನೂನಿನಲ್ಲೂ ದಾರಿ ಪೂರ್ತಿ ಮುಚ್ಚಿಲ್ಲ. ಜೌಗು ನಿಯಮ ಕೈ ಬಿಟ್ಟರೂ ವನ್ಯಜೀವಿ ಕಾಯ್ದೆಯ ಕೆಳಗೆ ಸಂರಕ್ಷಣಾ ಮೀಸಲು, ಸಮುದಾಯ ಮೀಸಲು ಅಂತ ಘೋಷಿಸಬಹುದು. ಕೊಕ್ಕರೆ ಬೆಳ್ಳೂರು 2007ರಲ್ಲಿ ಸಮುದಾಯ ಮೀಸಲು ಆಯಿತು, ಅಂಕಸಮುದ್ರ 2017ರಲ್ಲಿ ಸಂರಕ್ಷಣಾ ಮೀಸಲು ಆಯಿತು, ತುಮಕೂರಿನವರೇ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಕ್ಕೆ ಇದೇ ದಾರಿ ಹಿಡಿದರು. ಜೀವವೈವಿಧ್ಯ ಕಾಯ್ದೆಯಲ್ಲಿ ಪಾರಂಪರಿಕ ತಾಣ ಅಂತ ಮಾಡಬಹುದು. ದೇಶದಲ್ಲೇ ಅಂಥ ಮೊದಲ ತಾಣ ಆದದ್ದು ನಮ್ಮ ಪಕ್ಕದ ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು, 2007ರಲ್ಲಿ. ಇದಕ್ಕೆಲ್ಲ ದಾಖಲೆ ಬೇಕು. ಸುಮ್ನೆ ಫೋಟೊ ಸಾಲದು. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿ ನಡೆಯುತ್ತಿದೆ, ಯಾರು ಬೇಕಾದರೂ ಸೇರಬಹುದು. ಹೆಜ್ಜಾರ್ಲೆ ಎಣಿಸುವವರು ಬೇಕಾದಷ್ಟು ಜನ ಇದ್ದಾರೆ. ಅಂಚಿನಲ್ಲಿ ಓಡಾಡುವ ಬೂದು ಬಣ್ಣದ ಸಣ್ಣ ಗೊರವಗಳನ್ನು ಗುರುತು ಹಿಡಿದು ಎಣಿಸುವವರು ಬೇಕು, ಯಾಕೆಂದರೆ ಕಡಿಮೆ ಆಗುತ್ತಿರುವುದು ಅವು. ಪಂಚಾಯ್ತಿಯ ಜೀವವೈವಿಧ್ಯ ದಾಖಲಾತಿ ಪುಸ್ತಕದಲ್ಲಿ ಆ ಎಣಿಕೆ ವರ್ಷ ವರ್ಷ ಸೇರಬೇಕು.

ಇದನ್ನೆಲ್ಲ ಈಗಲೇ ಹೇಳಲು ಕಾರಣ ಎತ್ತಿನಹೊಳೆ, ಪಶ್ಚಿಮ ಘಟ್ಟದ ಹೊಳೆಗಳ ನೀರನ್ನು ಬಯಲುಸೀಮೆಗೆ ತರುವ ಯೋಜನೆ. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಕಡೆ ಅದರ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. 24.01 ಟಿಎಂಸಿಯ ಆ ಯೋಜನೆಯಲ್ಲಿ ಕುಡಿಯುವ ನೀರಿನ ಜೊತೆಗೆ 527 ಕೆರೆ ತುಂಬಿಸುವ ಮಾತಿದೆ, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಮೂರೂ ಜಿಲ್ಲೆಗಳ ಕೆರೆಗಳು ಅದರಲ್ಲಿವೆ. ನೀರು ಯಾವಾಗ ಬರುತ್ತದೆ, ಎಷ್ಟು ಬರುತ್ತದೆ ಅನ್ನುವ ಜಗಳ ನಡೆಯುತ್ತಲೇ ಇರುತ್ತದೆ. ಆದರೆ ಕೆರೆ ಸಿದ್ಧ ಮಾಡುವ ಹೆಸರಿನಲ್ಲಿ ಜೆಸಿಬಿ ನೀರಿಗಿಂತ ಮುಂಚೆ ಬರುತ್ತದೆ. ನಿಮ್ಮ ಊರಿನ ಕೆರೆಯ ಅಂದಾಜು ಪಟ್ಟಿ ಗ್ರಾಮ ಸಭೆಗೆ ಬಂದ ದಿನ ನಕ್ಷೆ ಹರಡಿ ತೋರಿಸಲು ಹೇಳಿ. ಏರಿಯಿಂದ ಎಷ್ಟು ದೂರದವರೆಗೆ ಅಗೆಯುತ್ತೀರಿ, ಹಿಂಭಾಗದ ಇಳಿಜಾರು ಎಷ್ಟು ಎಕರೆ ಮುಟ್ಟದೆ ಬಿಡುತ್ತೀರಿ, ಯಾವ ಕರಿಜಾಲಿಗೆ ಕೊಡಲಿ ಹಾಕುವುದಿಲ್ಲ, ಬೇಸಿಗೆಯಲ್ಲಿ ನೀರು ಬಿಡುವ ಸರದಿ ಏನು, ಇವನ್ನು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.